ಕೂವೆಮರದ ಕೊಂಬೆಗಳು

ನಮ್ಮೂರಲ್ಲಿ ಚಳಿ ಬಿದ್ದ ಮೇಲೆ ನೆರಳಿಗೆ ಭಾರ ಬರುತ್ತದೆ. ಹಾಗಾಗಿ ಆ ದಿನಗಳಲ್ಲಿ ಯಾರೂ ಇನ್ನೊಬ್ಬರ ಕಾಲಿನ ಮೇಲೆ ನೆರಳು ಹಾಕಿ ನಿಂತು ಮಾತಾಡುವುದಿಲ್ಲ. ಮರೆತು ನಿಂತರೆ, “ಹೋಯ್, ತೆಗಿ ಮಾರಾಯಾ, ಬೆರಳು ಜಜ್ಜಿ ಹೋತು” ಎಂದು ಬೈಸಿಕೊಳ್ಳಬೇಕು. ಹೆಂಗಸರು ಅಂಗಳದಲ್ಲಿ ಹಪ್ಪಳದ ಚಾಪೆ ಹಾಸಿ, ಅದು ಗಾಳಿಗೆ ಹಾರದಂತೆ ಚಾಪೆಯ ಅಂಚಿನ ಮೇಲೆ ತಮ್ಮ ನೆರಳು ಬೀಳುವ ಹಾಗೆ ಕೂತು ತಲೆ ಬಾಚಿಕೊಳ್ಳುತ್ತಾರೆ. ಉಪ್ಪಿನಕಾಯಿ ಭರಣಿಯ ಮೇಲೆ ಹೇರುವುದಕ್ಕೆ ಕಲ್ಲು ಸಿಗದಿದ್ದರೆ ಕೆಲಸವಿಲ್ಲದ ಗಂಡನನ್ನು ಬಿಸಿಲಿಗೆ ನಿಲ್ಲಿಸುತ್ತಾರೆ. ತೆಂಗಿನಮರದ ನೆರಳಲ್ಲಿ ಮಲಗಿ ನಿದ್ದೆ ಹೋದವನನ್ನು ಹೊರಗೆ ಎಳೆಯಲು ಕೇರಿಯ ಗಂಡಸರೆಲ್ಲ ಬೇಕು.

ಎಲ್ಲ ನೆರಳೂ ಒಂದೇ ತೂಕ ಅಲ್ಲ. ಹಳೆಯದರ ನೆರಳು ಸವೆದು ಹಗುರಾಗಿರುತ್ತದೆ, ಹೊಸದರದ್ದು ಹಸಿಹಸಿಯಾಗಿ ಕಬ್ಬಿಣದಂತೆ ಇರುತ್ತದೆ. ನಮ್ಮಜ್ಜಿಯ ನೆರಳು ಕೊನೆಕೊನೆಗೆ ಎಷ್ಟು ಹಗುರಾಗಿತ್ತೆಂದರೆ ಗಾಳಿ ಬೀಸಿದರೆ ಪಕ್ಕದ ಮನೆಗೆ ಹಾರಿಹೋಗುತ್ತಿತ್ತು. ಸಂಜೆ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ.

ನೆಲದ ಮೇಲಿದ್ದರೆ ಇದೆಲ್ಲ ಸುಧಾರಿಸಿಕೊಂಡು ಹೋಗಬಹುದು. ಕಷ್ಟವೆಲ್ಲ ದೋಣಿಗೆ. ಹಾಯಿ ಕಟ್ಟುವ ಕಂಬ, ಅಂದರೆ ಕೂವೆಮರ, ನೀರಿನ ಮೇಲೆ ಒಂದು ಬದಿಗೆ ಉದ್ದಕ್ಕೆ ನೆರಳು ಚೆಲ್ಲುತ್ತದೆ. ಆ ಭಾರಕ್ಕೆ ದೋಣಿ ಆ ಬದಿಗೆ ವಾಲುತ್ತದೆ. ಅದಕ್ಕೇ ನಮ್ಮೂರಿನ ದೋಣಿಗಳ ಕೂವೆಮರ ಎಲ್ಲವೂ ಗಿಡ್ಡ. ಅದರ ಮೇಲೂ ಜನ ವರ್ಷವಿಡೀ ಕೂವೆಮರದ ನೆರಳನ್ನು ದಂಡೆಯ ಮೇಲೆ ಬೀಳಿಸಿಕೊಂಡು, ತೆಂಗಿನ ನಾರು ಮರಳು ಹಾಕಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ತಿಕ್ಕಿ ತೆಳ್ಳಗೆ ಮಾಡಿಟ್ಟುಕೊಳ್ಳುತ್ತಾರೆ.

ಇನ್ನು ಸುತ್ತುದಿನದ ವಿಷಯ. ಚಳಿಗಾಲದ ನಡುವೆ ಒಂದು ದಿನ ಊರಿನ ಎಲ್ಲ ದೋಣಿಗಳೂ ಸ್ವಂತ ಹಾಯಿಯಲ್ಲಿ ಹೋಗಿ, ಕೊಲ್ಲಿಯ ಬಾಯಲ್ಲಿರುವ ಆಮೆಬಂಡೆಯನ್ನು ಸುತ್ತಿ ಬರಬೇಕು. ಹುಟ್ಟು ಹಾಕುವ ಹಾಗಿಲ್ಲ. ಎಲ್ಲರಿಗಿಂತ ಕೊನೆಗೆ ಬಂದ ದೋಣಿಯನ್ನು ಅವತ್ತೇ ದಂಡೆಯ ಮೇಲಕ್ಕೆಳೆದು, ಹೊಟ್ಟೆತುಂಬ ಮಣ್ಣು ಗೊಬ್ಬರ ತುಂಬಿ, ಬಸಳೆ ನೆಡುತ್ತಾರೆ. ನಮ್ಮ ದಂಡೆಯ ಉದ್ದಕ್ಕೂ ಅಂಥ ದೋಣಿಗಳ ಸಾಲೇ ಇದೆ. ಬಸಳೆ ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ದೋಣಿ ಕಳಕೊಂಡವರಿಗೂ ಊಟಕ್ಕೆ ಸೊಪ್ಪು ಸಿಗುತ್ತದೆ, ಆದರೆ ಅವರು ಅದನ್ನು ಉಣ್ಣುವ ಮುಖ ನೋಡಲಾಗುವುದಿಲ್ಲ.

ನನ್ನ ಅಕ್ಕ ಮಂಕಾಳಿಯ ದೋಣಿಯ ಹೆಸರು ನೀರುಕೋಳಿ. ಚುಕ್ಕಾಣಿ ಅವಳದ್ದೇ. ಅವಳ ಗಂಡ ಜಟ್ಟಿಭಾವ ಬಲೆ ಬೀಸುತ್ತಿದ್ದರು, ನಾನು ಹಾಯಿಯ ಹಗ್ಗ ಹಿಡಿಯುತ್ತಿದ್ದೆ. ಆ ವರ್ಷ ಸುತ್ತುದಿನಕ್ಕೆ ಮೊದಲ ದಿನ ಬೆಳಿಗ್ಗೆ ನಮ್ಮ ಕೂವೆಮರ ಮುರಿಯಿತು. ಅಕ್ಕ ಗೆದ್ದಲು ಹಿಡಿದಿತ್ತು ಅನ್ನುತ್ತಾಳೆ. ನಾನು ಅಲ್ಲೇ ಇದ್ದೆ. ಜಟ್ಟಿಭಾವ ಸೀನಿದರು, ಅದು ಮುರಿಯಿತು.

ಅಕ್ಕ ಮುರಿದ ತುಂಡಿನ ಮೇಲೆ ಕೂತಳು. ನೀರುಕೋಳಿ ಬಸಳೆ ಪಾತಿಯಾದರೆ ಅವಳಿಗೆ ಉಳಿಯುವ ಕೆಲಸ ಯಾವುದೆಂದು ನಮಗೆಲ್ಲ ಗೊತ್ತಿತ್ತು. ಊರಿನ ಮುಖ್ಯಸ್ಥ, ಗುರಿಕಾರ ದುಗ್ಗಪ್ಪನ ಚಪ್ಪರದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ಮೀನು ಕೊಯ್ಯುವುದು. ಸಮುದ್ರದಲ್ಲಿ ಚುಕ್ಕಾಣಿ ಹಿಡಿದು ಕೂಗುವ ಹೆಂಗಸು ದುಗ್ಗಪ್ಪನೆದುರು ಕತ್ತಿ ಮಣೆ ಹಿಡಿದು ಕೂರುವುದನ್ನು ನೆನೆದು ನಾನು ಉಳಿದ ಮೋಟಿಗೆ ಒಂದು ಒದೆ ಕೊಟ್ಟೆ.

“ಎದ್ಕಾ ತಮಾ,” ಎಂದಳು ಕೊನೆಗೆ. “ಕೊಡ್ಲಿ ತಕಾ. ಮರ ಕಡ್ಯೂಕೆ ಹೋಗ್ವ.”

ಕೂವೆಮರಕ್ಕೆ ಸುರಹೊನ್ನೆಯೇ ಆಗಬೇಕು, ನೆಟ್ಟಗೆ ಬೆಳೆಯುತ್ತದೆ. ಊರ ಹಿಂದಿನ ಗುಡ್ಡಕ್ಕೆ ಹೋದೆವು. ಆ ದಿನ ಮೋಡ ಎಂದರೆ ಮೋಡ, ಆಕಾಶಕ್ಕೆ ಕಂಬಳಿ ಹೊದೆಸಿದ ಹಾಗೆ. ಚಳಿಗೆ ನನ್ನ ಹಲ್ಲು ಕಟಕಟ ಅನ್ನುವುದನ್ನು ಕೇಳಿ ಮರಕುಟಿಗವೊಂದು ಬಂದು ನೋಡಿ ಹೋಯಿತು.

ಚಳಿಗಾಲದಲ್ಲಿ ಮರ ಕಡಿಯುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಮೇಲೆ ಕೊಂಬೆಗೆ ಒಂದು ಏಟು ಹಾಕಿದರೆ ಕೆಳಗೆ ನೆಲದ ಮೇಲಿರುವ ಆ ಕೊಂಬೆಯ ನೆರಳಿಗೂ ಒಂದು ಏಟು ಹಾಕಬೇಕು. ಮೇಲೊಬ್ಬ, ಕೆಳಗೊಬ್ಬ, ಇಬ್ಬರ ಏಟೂ ಒಟ್ಟಿಗೆ ಬೀಳಬೇಕು. ದಿನವಿಡೀ ಹಿಡಿಯುವ ಕೆಲಸ.

“ಮೋಡ ಅದೆ, ನೆರಳೇ ಇಲ್ಲ,” ಎಂದರು ಭಾವ ಕೊಡಲಿ ಹಿಡಿದು ಮರದ ಬುಡದಲ್ಲಿ ನಿಂತು. “ಇಲ್ದಿದ್ದನ್ನ ಕಡ್ಯೂದು ಹೆಂಗಾ ಶುಕ್ರು?”

“ಇಲ್ದೇ ಇದ್ರೆ ಕಡ್ಯೂದೇ ಬ್ಯಾಡ ಭಾವ! ಅರ್ಧ ಕೆಲಸ ಉಳೀತು,” ಎಂದೆ ನಾನು.

“ಹೌದಲ್ವನಾ!” ಎಂದು ಭಾವ ಬೆರಗಾದರು. “ಊರಲ್ಲಿ ಇಷ್ಟು ಬುದ್ಧಿವಂತ್ರು ಇದ್ದೂ ಇದ್ಯಾರಿಗೂ ಹೊಳೀಲಿಲ್ಲ ನೋಡು.”

ಅಕ್ಕನಿಗೂ ಅವಸರವಿತ್ತು, ಹೂಂ ಅಂದಳು. ಮಧ್ಯಾಹ್ನದೊಳಗೆ ಕೊಂಬೆಯೆಲ್ಲ ಸವರಿ ಮರ ಉರುಳಿಸಿ, ತೊಗಟೆ ಕೆತ್ತಿ, ಹೆಗಲಿಗೇರಿಸಿದೆವು. ಹೂವಿನ ಹಾಗೆ ಹಗುರ! ನೆರಳೇ ಇಲ್ಲದ ಮರಕ್ಕೆ ಭಾರ ಎಲ್ಲಿಂದ ಬರಬೇಕು? ಗುಡ್ಡ ಇಳಿಯುತ್ತ ನಾನು ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದಿದ್ದೆ. ಅಷ್ಟು ಹಗುರವಾಗಿದ್ದರಿಂದ ಅದನ್ನು ಕತ್ತರಿಸಿ ಗಿಡ್ಡ ಮಾಡುವ ಯೋಚನೆಯೂ ಯಾರಿಗೂ ಬರಲಿಲ್ಲ. ಪೂರ್ತಿ ಉದ್ದಕ್ಕೆ ತಂದೆವು.

ಮಾರನೇ ದಿನ ಬೆಳಗಾದರೂ ಮೋಡ ಹಾಗೇ ಇತ್ತು. ನೀರುಕೋಳಿಯನ್ನು ದಂಡೆಗೆ ಸಮನಾಗಿ ನಿಲ್ಲಿಸಿ ಗೂಟಕ್ಕೆ ಕಟ್ಟಿದೆವು. ಚಳಿ ಎಷ್ಟೆಂದರೆ ಕತ್ತದ ಹಗ್ಗ ಕೋಲಿನ ಹಾಗೆ ಸೆಟೆದು ನಿಂತಿತ್ತು, ಗಂಟು ಹಾಕಬೇಕಾದರೆ ಬಾಯಲ್ಲಿಟ್ಟು ಊದಿ ಮೆತ್ತಗೆ ಮಾಡಬೇಕು. ಮರದ ಬುಡಕ್ಕೆ ಹಚ್ಚಲು ತಂದ ತೆಂಗಿನೆಣ್ಣೆ ಗರಟೆಯಲ್ಲಿ ಬೆಳ್ಳಗೆ ಗಟ್ಟಿಯಾಗಿತ್ತು. ಭಾವ ಅದನ್ನು ಕಂಕುಳಲ್ಲಿಟ್ಟು ಕರಗಿಸುತ್ತ ಕುಣಿದರು. ಅಕ್ಕ ದೋಣಿಯ ಹೊಟ್ಟೆಯಲ್ಲಿ ಅಂಗಾತ ಮಲಗಿದಳು. ಅಡಿಮರದಲ್ಲಿ ಕೂವೆಮರ ಕೂರುವ ಗುಳಿ ಇದೆಯಲ್ಲ, ಅದರ ಬಾಯಿಗೆ ಕೈಯಿಟ್ಟುಕೊಂಡು ನಮಗೆ ದಾರಿ ಹೇಳಬೇಕಿತ್ತು.

“ನನ್ನ ಬದಿಗೆ. ಇನ್ನೊಂಚೂರು. ಹೋಯ್, ಅದು ನನ್ನ ಕೈ! ಎತ್ತಿ! ಹಾಂ... ಹಿಂದೆ, ಹಿಂದೆ... ಸಾಕು. ಈಗ ಬಿಡಿ.”

ಬಿಟ್ಟೆವು. ಮರ ಗುಳಿಗೆ ‘ಟೊಕ್’ ಎಂದು ಇಳಿಯಿತು. ಆ ಸದ್ದಿಗೆ ನನ್ನ ಎದೆಯೊಳಗೂ ಏನೋ ಒಂದು ಜಾಗಕ್ಕೆ ಕೂತ ಹಾಗಾಯಿತು. ನಾಲ್ಕೂ ಬದಿಗೆ ಬೆಣೆ ಬಡಿದು, ಹಗ್ಗ ಬಿಗಿದು, ಅಕ್ಕ ಎದ್ದು ನಿಂತು ಅದರ ಬೆನ್ನಿಗೆ ರಪ್ಪನೆ ಹೊಡೆದಳು. ಅಲುಗಲಿಲ್ಲ.

“ಕೂತ್ತು,” ಎಂದಳು. ಅವಳು ನಕ್ಕದ್ದು ಹಿಂದಿನ ದಿನ ಬೆಳಿಗ್ಗೆಯಿಂದ ಅದೇ ಮೊದಲು.

ಅಷ್ಟು ಹೊತ್ತಿಗೆ ಗುರಿಕಾರ ದುಗ್ಗಪ್ಪ ಬಂದ. ಒಂದು ಕೈಯಲ್ಲಿ ಬಸಳೆಯ ಬಳ್ಳಿ, ಹಿಂದೆ ಗೊಬ್ಬರದ ಬುಟ್ಟಿ ಹೊತ್ತ ಪದ್ದಕ್ಕ. ಊರಿನ ಬಸಳೆ ದೋಣಿಗಳಿಗೆಲ್ಲ ನೀರು ಹಾಕುವವಳು ಪದ್ದಕ್ಕ, ಬಾಯಿ ಜೋರು. ಉಳಿದ ದೋಣಿಗಳು ಆಗಲೇ ಹೊರಟಿದ್ದವು. ದುಗ್ಗಪ್ಪನ ದೋಣಿ ಮಾತ್ರ ಆಳುಗಳೊಂದಿಗೆ ಅವನಿಗಾಗಿ ಕಾಯುತ್ತಿತ್ತು.

“ಎಂತಾ ಮಂಕಾಳಿ, ಇಷ್ಟುದ್ದ ಕೂವೆಮರ? ಬಸಳೆ ಚಪ್ಪರಕ್ಕೆ ಈಗ್ಲೇ ಕಂಬ ಹುಗ್ದಿಟ್ಯಾ?”

“ನಿಮ್ಮ ದೋಣಿ ಕಾಯ್ತದೆ ಗುರಿಕಾರ್ರೆ. ಹೋಗಿ,” ಎಂದಳು ಅಕ್ಕ.

“ಹೋತೆ, ಹೋತೆ. ಪದ್ದು, ಗೊಬ್ಬರ ಇಲ್ಲೇ ಇಡು, ಸಂಜೆಗೆ ದೂರ ಹೊರೂದು ಬ್ಯಾಡ.”

ಪದ್ದಕ್ಕ ಬುಟ್ಟಿಯನ್ನು ನೀರಿನ ಅಂಚಿಗೆ ಇಟ್ಟಳು. ಅದೇ ಗಳಿಗೆಗೆ ಮೋಡ ಹರಿದು ಬಿಸಿಲು ಬಿತ್ತು.

ಮೇಲಿಂದ ಮರವೊಂದು ಬಿದ್ದ ಹಾಗೆ ಸದ್ದಾಯಿತು. ನೀರು ಎರಡಾಳೆತ್ತರ ಚಿಮ್ಮಿತು. ನೀರುಕೋಳಿ ಕಿರ್ ಎಂದು ಸಮುದ್ರದ ಬದಿಗೆ ವಾಲಿ ಒಂದು ಅಂಚು ಮುಳುಗಿಸಿಕೊಂಡಿತು. ಚಿಮ್ಮಿದ ನೀರು ದಂಡೆಗೆ ಬಡಿದು ಗೊಬ್ಬರದ ಬುಟ್ಟಿ ಚಪ್ಪಟೆಯಾಗಿ ರೊಟ್ಟಿಯಾಯಿತು. ತಲೆಯೆತ್ತಿ ನೋಡಿದರೆ ಬೋಳು ಕಂಬ. ಕೆಳಗೆ ನೋಡಿದರೆ ನೀರಿನ ಮೇಲೆ ಕೊಂಬೆ, ರೆಂಬೆ, ಎಲೆ ಎಲ್ಲ ಇರುವ ಇಡೀ ಸುರಹೊನ್ನೆ ಮರ! ಕಂಬದಿಂದ ಸವರಿದ ಒಂದು ಕೊಂಬೆಯೂ ನೆರಳಿನಿಂದ ಹೋಗಿರಲಿಲ್ಲ. ತುದಿಯಲ್ಲಿ ಕಾಗೆಗೂಡೂ ಇತ್ತು. ಗೂಡಿನಲ್ಲಿ ಮೊಟ್ಟೆ ಇತ್ತು ಅಂದರೆ ನೀವು ನಂಬುವುದಿಲ್ಲ, ಅದಕ್ಕೆ ನಾನು ಹೇಳುವುದಿಲ್ಲ.

ದುಗ್ಗಪ್ಪ ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೆ ಕೂತುಬಿಟ್ಟ. “ಮೋಡದಲ್ಲಿ ಕಡ್ದಿರಾ? ಅಯ್ಯೋ ದೇವ್ರೆ, ಮೋಡದಲ್ಲಿ ಮರ ಕಡ್ದವ್ರನ್ನ ನಾ ಕಂಡೇ ಇಲ್ಲ!” ಅವನು ನಕ್ಕು ಮುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮುಗಿಸಿದ ಮೇಲೆ ಆಳುಗಳನ್ನು ಕರೆದು ತೋರಿಸಿ ಮತ್ತೆ ಮೊದಲಿಂದ ನಕ್ಕ. ಆಮೇಲೆ ಹೋಗಿ ದೋಣಿ ಹತ್ತಿದ. ಆ ನಗುವಿಗೆ ಅವನು ಕಳೆದ ಹೊತ್ತನ್ನು ನೀವು ನೆನಪಿಟ್ಟುಕೊಳ್ಳಿ.

ಭಾವ ಕೊಡಲಿ ಹಿಡಿದು ಸೊಂಟದುದ್ದ ನೀರಿಗಿಳಿದು ನೆರಳಿನ ಕೊಂಬೆಗೆ ಏಟು ಹಾಕಿದರು. ಮೇಲಿನ ಕೊಂಬೆ ಹೋದ ಮೇಲೆ ಕೆಳಗಿನದು ಕೊಡಲಿಗೆ ಸಿಗುತ್ತದೆಯೇ? ಕೊಡಲಿ ನೀರನ್ನಷ್ಟೇ ಕಡಿಯಿತು. ನಾನು ಇನ್ನೊಂದು ಉಪಾಯ ಹೇಳಿದೆ.

“ಭಾರದವ್ರನ್ನೆಲ್ಲ ದೋಣಿಯ ಈಚೆ ಬದಿಗೆ ಕೂರ್ಸ್ವ. ತಕ್ಕಡಿ ಸಮ ಆತದೆ.”

ದಂಡೆಯ ಮೇಲಿದ್ದ ದಪ್ಪ ಜನರನ್ನೆಲ್ಲ ಕೂಗಿ ಕರೆದು, ಪದ್ದಕ್ಕನನ್ನೂ ಒತ್ತಾಯ ಮಾಡಿ, ದಂಡೆಯ ಬದಿಯ ಅಂಚಿನಲ್ಲಿ ಸಾಲಾಗಿ ಕೂರಿಸಿದೆವು. ಅವರ ನೆರಳುಗಳೆಲ್ಲ ಎಲ್ಲಿ ಬೀಳಬೇಕು? ಬೆಳಗಿನ ಬಿಸಿಲು ದಂಡೆಯ ಕಡೆಯಿಂದ. ಎಲ್ಲರ ನೆರಳೂ ದೋಣಿ ದಾಟಿ ಆಚೆ ಬದಿಗೇ ದಡದಡ ಬಿದ್ದವು. ದೋಣಿ ಇನ್ನಷ್ಟು ವಾಲಿ ಎಲ್ಲರನ್ನೂ ಒಬ್ಬೊಬ್ಬರಾಗಿ ನೀರಿಗೆ ಸುರಿಯಿತು. ಆ ಚಳಿಯಲ್ಲಿ ಮುಳುಗಿ ಎದ್ದ ಪದ್ದಕ್ಕ ನನ್ನ ವಂಶದವರನ್ನೆಲ್ಲ ಹೆಸರು ಹಿಡಿದು ಕರೆದಳು. ನನಗೇ ಗೊತ್ತಿಲ್ಲದ ಹೆಸರುಗಳೂ ಅದರಲ್ಲಿದ್ದವು.

“ಕೂವೆಮರ ತೆಗ್ದು ಬಿಡ್ವನಾ?” ಎಂದರು ಭಾವ ಸಣ್ಣ ದನಿಯಲ್ಲಿ.

“ತೆಗ್ದು ಎಂತ ಮಾಡೂದು? ಸೀರೆ ಹಿಡ್ಕಂಡು ಬಂಡೆ ಸುತ್ತೂದಾ?” ಎಂದಳು ಅಕ್ಕ. ಆಮೇಲೆ ದೋಣಿಯೊಳಗಿನ ನೀರನ್ನು ಗರಟೆಯಲ್ಲಿ ಮೊಗೆದು ಹೊರಗೆ ಹಾಕತೊಡಗಿದಳು. ನಾವು ದೋಣಿ ಮಗುಚದಂತೆ ದಂಡೆಯ ಗೂಟಗಳಿಗೆ ಹಗ್ಗ ಬಿಗಿದು ಕಟ್ಟಿದೆವು. ದೂರದಲ್ಲಿ ಬೇರೆ ದೋಣಿಗಳ ಗಿಡ್ಡ ಹಾಯಿಗಳು ಆಮೆಬಂಡೆಯತ್ತ ಹೋಗುತ್ತಿದ್ದವು, ಎಲ್ಲದರ ಹಿಂದೆ ದುಗ್ಗಪ್ಪನದು. ಪದ್ದಕ್ಕ ಒದ್ದೆ ಸೀರೆ ಹಿಂಡಿಕೊಂಡು, ಇನ್ನೊಂದು ಬುಟ್ಟಿ ಗೊಬ್ಬರ ತರಲು ಹೋದಳು.

ಸೂರ್ಯ ಮೇಲೇರಿದ. ಚಳಿಗಾಲದಲ್ಲಿ ಅವನು ನೆತ್ತಿಗೆ ಬರುವುದಿಲ್ಲ, ತೆಂಕಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ನೆರಳಿನ ಮರ ಮೆಲ್ಲಗೆ ತೆವಳಿಕೊಂಡು, ಮೋಟಾಗುತ್ತ ಬಡಗಣ ದಿಕ್ಕಿಗೆ ಹೋಯಿತು. ಆಗ ಬಡಗಾಳಿ ಬಂತು. ಚಳಿಗಾಲದ ಬಡಗಾಳಿ ದಿನವೂ ಹೊತ್ತಿಳಿದ ಮೇಲೆ ಬರುವುದು, ಅದಕ್ಕೇ ಎಲ್ಲರೂ ಬೆಳಿಗ್ಗೆಯೇ ಹೊರಟು ಅದಕ್ಕೆ ಮೊದಲು ಮರಳುತ್ತಾರೆ. ಅವತ್ತು ಅದಕ್ಕೂ ಏನೋ ಅವಸರ. ನಡುಹಗಲಿಗೇ ಬೀಸಿತು. ನನ್ನ ಕಿವಿ ಕಿತ್ತು ಪಕ್ಕದವರಿಗೆ ಕೊಡುವಂಥ ಗಾಳಿ.

ನೀರು ಮೊಗೆಯುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು.

“ತಮಾ, ಗೂಟದ ಹಗ್ಗ ನೋಡು.”

ಅಷ್ಟು ಹೊತ್ತು ತಂತಿಯಂತೆ ಬಿಗಿದಿದ್ದ ಹಗ್ಗ ಜೋಲಾಗಿ ನೀರಿಗೆ ಬಿದ್ದಿತ್ತು. ದೋಣಿ ನೆಟ್ಟಗೆ ನಿಂತಿತ್ತು. ಗಾಳಿ ಒಂದು ಗಳಿಗೆ ನಿಂತಾಗ ಮತ್ತೆ ಬಡಗಣಕ್ಕೆ ವಾಲಿತು, ಹಗ್ಗ ಬಿಗಿಯಿತು. ಮತ್ತೆ ಗಾಳಿ ಬಂದಾಗ ನೆಟ್ಟಗಾಯಿತು.

“ಗಾಳಿ ದೋಣಿಯನ್ನ ತೆಂಕಣಕ್ಕೆ ಕೆಡಗೂಕೆ ನೋಡ್ತದೆ,” ಎಂದಳು ಅಕ್ಕ ನಿಧಾನವಾಗಿ. “ಆ ಮರ ಬಡಗಣಕ್ಕೆ ಎಳ್ದು ಹಿಡೀತದೆ.” ಅವಳು ದೂರಕ್ಕೆ ನೋಡಿದಳು. ಆಮೆಬಂಡೆಯ ಹತ್ತಿರ ಒಂದೊಂದೇ ಹಾಯಿ ಕೆಳಗಿಳಿಯುತ್ತಿತ್ತು. ಅವರ ಕೂವೆಮರಗಳಿಗೂ ನೆರಳಿತ್ತು, ಆದರೆ ಗಿಡ್ಡ ಮರದ ತಿಕ್ಕಿ ತಿಕ್ಕಿ ಸವೆಸಿದ ನೆರಳು. ಅದೆಂಥ ದೋಣಿಯನ್ನು ಹಿಡಿದೀತು? “ತಮಾ, ಬೇಸಗೆ ಹಾಯಿ ತಕಂಡು ಬಾ.”

ಭಾವ ಹೌಹಾರಿದರು. ಬೇಸಗೆ ಹಾಯಿ ಎಂದರೆ ಅಕ್ಕನ ಮನೆಯಂಗಳದಷ್ಟು ದೊಡ್ಡದು, ಚಳಿಗಾಲದಲ್ಲಿ ಅದನ್ನು ಯಾರೂ ಬಿಚ್ಚುವುದಿಲ್ಲ. “ಏ, ಈ ಗಾಳಿಗಾ? ಸಾಯೂಕಾ?”

“ಹೋಯ್, ನಿಮಗೆ ಹೆದ್ರಿಕೆ ಆದ್ರೆ ಇಳೀರಿ. ಆದ್ರೆ ಸೀನೂದಿದ್ರೆ ಈಗ್ಲೇ ದಂಡೆ ಮೇಲೆ ಸೀನಿ ಬನ್ನಿ.”

ಭಾವ ಇಳಿಯಲಿಲ್ಲ. ಕೂವೆಮರಕ್ಕೆ ಬೆನ್ನು ಮಾಡಿ ದಂಡೆಯತ್ತ ಸೀನಿ ಬಂದು ಕೂತರು.

ನೀರುಕೋಳಿಯ ಮೂತಿಯನ್ನು ಕಡಲಿಗೆ ತಿರುಗಿಸಿ, ಹಗ್ಗ ಬಿಚ್ಚಿ, ಹಾಯಿ ಏರಿಸಿದೆವು. ಗಾಳಿ ಬಂದು ಹಾಯಿಗೆ ಬಡಿದ ಸದ್ದಿಗೆ ಊರಿನ ನಾಯಿಗಳೆಲ್ಲ ಬೊಗಳಿದವು. ಹೊಸ ಕೂವೆಮರ ಬುಡದಿಂದ ತುದಿಯವರೆಗೆ ಗುಂಯ್ ಎಂದಿತು. ನಾನು ಕಣ್ಣು ಮುಚ್ಚಿದೆ. ಮಗುಚುತ್ತದೆ, ಈಗ ಮಗುಚುತ್ತದೆ ಎಂದುಕೊಂಡೆ. ಕಣ್ಣು ಬಿಟ್ಟರೆ ದೋಣಿ ಗೋಡೆಯ ಹಾಗೆ ನೆಟ್ಟಗೆ ನಿಂತು ಓಡುತ್ತಿದೆ! ಎಡಕ್ಕೆ ಕೆಡವಲು ಗಾಳಿ, ಬಲಕ್ಕೆ ಎಳೆಯಲು ಮರ. ಎರಡರ ಜಗಳದಲ್ಲಿ ನಾವು ನಡುವೆ ಸುಖವಾಗಿ ಕೂತಿದ್ದೆವು. ಭಾವನ ಮಡಿಲಲ್ಲಿದ್ದ ಗಂಜಿಯ ಚೊಂಬು ಒಂದು ತೊಟ್ಟೂ ತುಳುಕಲಿಲ್ಲ. ನೆರಳಿನ ಕೊಂಬೆಗಳು ನೀರನ್ನು ಗೀರುತ್ತ ಬರುತ್ತಿದ್ದವು, ನೇಗಿಲು ಹೂಡಿದ ಹಾಗೆ. ಆ ಎಲೆಗಳ ಅಡಿಗೆ ತಂಪೆಂದುಕೊಂಡು ಮೀನುಗಳು ಹಿಂಡು ಹಿಂಡಾಗಿ ಬಂದು ಸೇರಿಕೊಂಡವು.

ಬಂಡೆಯ ಹತ್ತಿರ ಊರಿನ ದೋಣಿಗಳೆಲ್ಲ ಹಾಯಿ ಇಳಿಸಿ, ಕುರಿಗಳ ಹಾಗೆ ಗುಂಪಾಗಿ ಅಲ್ಲಾಡುತ್ತ ನಿಂತಿದ್ದವು. ಅವರೆಲ್ಲ ಬಂಡೆ ಸುತ್ತಿಯಾಗಿತ್ತು, ಆದರೆ ಮರಳುವ ಹಾಗಿಲ್ಲ, ಹಾಯಿ ಎತ್ತಿದರೆ ಮಗುಚುವ ಭಯ. ದುಗ್ಗಪ್ಪ ಮಾತ್ರ ಇನ್ನೂ ಬಂಡೆಯ ಈಚೆಗೇ ಇದ್ದ.

“ಮಂಕಾಳೀ, ಹಾಯಿ ಇಳ್ಸೇ! ನೀ ಸಾಯ್ತೆ!” ಎಂದು ಕೂಗಿದ ಅವನು.

“ಎಂತ ಕೇಳೂದಿಲ್ಲ ಗುರಿಕಾರ್ರೆ! ಎಲೆ ಸದ್ದು ಜೋರು!” ಎಂದು ಅಕ್ಕ ಕೈ ಬೀಸಿದಳು.

ಆಮೆಬಂಡೆಯನ್ನು ಕೈಯಿಂದ ಮುಟ್ಟುವಷ್ಟು ಹತ್ತಿರದಲ್ಲಿ ಸುತ್ತಿದೆವು. ಮುಟ್ಟಿದೆ ಕೂಡ, ಅದರ ಬೆನ್ನು ಚಳಿಗೆ ನಡುಗುತ್ತಿತ್ತು. ತಿರುಗಿ ಊರಿನತ್ತ ಬರುವಾಗ ಗಾಳಿ ಎಡಕ್ಕೆ ಬಂತು, ನೆರಳೂ ಎಡಕ್ಕೆ ಬಂತು. ಎಲ್ಲ ಸರಿಯಾಗಿತ್ತು. ಆದರೆ ಸೂರ್ಯ ಕಾಯುವವನಲ್ಲ. ಅವನು ಪಡುವಣಕ್ಕೆ ಇಳಿಯುತ್ತಿದ್ದಂತೆ ನೆರಳಿನ ಮರ ಮೆಲ್ಲಗೆ ಮುಂದಕ್ಕೆ ಸರಿಯಿತು, ಉದ್ದವಾಯಿತು. ದೋಣಿಯ ಮೂತಿ ಬಾಗಿತು. ನೀರು ಮೂತಿಯ ಮೇಲಿಂದ ಒಳಗೆ ಹಾರಿತು.

“ಹಿಂದೆ ಬನ್ನಿ! ಇಬ್ರೂ ಹಿಂದೆ!” ಎಂದು ಅಕ್ಕ ಕೂಗಿದಳು.

ನಾವು ಓಡಿ ಹೋಗಿ ಅವಳ ಪಕ್ಕ ಕೂತೆವು. ನಮ್ಮ ನೆರಳುಗಳು ಮುಂದಕ್ಕೇ ಬಿದ್ದವು.

“ಮಲ್ಗಿ! ನೆರಳು ಮಡಚ್ಕಣಿ!”

ಹಿಂದಿನ ಅಡ್ಡಹಲಗೆಯ ಕೆಳಗೆ ಮೀನಿನ ಹಾಗೆ ಮಲಗಿದೆವು. ನಿಂತಿದ್ದವಳು ಅಕ್ಕ ಒಬ್ಬಳೇ. ಚುಕ್ಕಾಣಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಕೂದಲು ಬಿಚ್ಚಿಹೋಗಿ, ಹಲ್ಲು ಕಚ್ಚಿಕೊಂಡು. ಹಾಯಿ ಇಳಿಸುವಾ ಎಂದು ನಾನು ಕೇಳಬೇಕೆಂದಿದ್ದೆ, ಆ ಮುಖ ನೋಡಿ ಕೇಳಲಿಲ್ಲ. ಪ್ರತಿ ಅಲೆಗೂ ಮೂತಿ ಮುಳುಗುವುದು, ಏಳುವುದು. ಇನ್ನೊಂದು ಅಲೆ ಬಂದಿದ್ದರೆ ನಾನು ಈ ಕಥೆಯನ್ನು ಏಡಿಗಳಿಗೆ ಹೇಳುತ್ತಿದ್ದೆ.

ದಂಡೆಯಲ್ಲಿ ಎರಡನೇ ಬುಟ್ಟಿ ಗೊಬ್ಬರದ ಪಕ್ಕ ಕೂತಿದ್ದ ಪದ್ದಕ್ಕ ಮೊದಲು ಕಂಡದ್ದು ದೋಣಿಯನ್ನಲ್ಲ. “ಮರ ಬಂತು! ನೀರ ಮೇಲೆ ಮರ ಬಂತು!” ಎಂದು ಕಿರುಚಿಕೊಂಡು ಅವಳು ಎದ್ದು ಓಡಿದಳು. ಊರೇ ಹೊರಬಂತು. ನೆರಳಿನ ತುದಿಕೊಂಬೆಗಳು ನಮಗಿಂತ ಎಷ್ಟೋ ಮುಂಚೆ ದಂಡೆ ಮುಟ್ಟಿ, ಮರಳನ್ನು ಕೈಬೆರಳಿನ ಹಾಗೆ ಹಿಡಿದುಕೊಂಡವು. ಭಾರವೆಲ್ಲ ನೀರು ಬಿಟ್ಟು ನೆಲಕ್ಕೆ ಹೋಗಿದ್ದೇ ನೀರುಕೋಳಿಯ ಮೂತಿ ಚಂಗನೆ ಮೇಲೆದ್ದಿತು. ಅದೇ ವೇಗದಲ್ಲಿ ದೋಣಿ ಮರಳಿನ ಮೇಲೆ ಹತ್ತಿ, ಪದ್ದಕ್ಕನ ಎರಡನೇ ಬುಟ್ಟಿಯ ಮೇಲೆ ಹಾದು, ಬಸಳೆ ದೋಣಿಗಳ ಸಾಲಿನ ಎದುರು ಬಂದು ನಿಂತಿತು.

ಎಲ್ಲರಿಗಿಂತ ಕೊನೆಗೆ ಹೊರಟವರು ನಾವು. ದಂಡೆಯಲ್ಲಿ ಬೇರೆ ಒಂದು ದೋಣಿಯೂ ಇರಲಿಲ್ಲ.

ಅಕ್ಕ ಚುಕ್ಕಾಣಿ ಬಿಟ್ಟು ಬಂದು ಕೂವೆಮರಕ್ಕೆ ಹಣೆಯಿಟ್ಟು ನಿಂತಳು. ಆಮೇಲೆ ಊರಿಗೆಲ್ಲ ಕೇಳುವ ಹಾಗೆ, “ಪದ್ದಕ್ಕಾ, ಇನ್ನೊಂದು ಬುಟ್ಟಿ ತರೂಕೆ ಹೋಗು! ಬೇರೆ ಯಾರದ್ದೋ ದೋಣಿಗೆ ಬೇಕಾತದೆ!” ಎಂದಳು. ಜನ ಹೋ ಎಂದು ಅವಳನ್ನು ಎತ್ತಿಕೊಂಡರು. ಎತ್ತಿದವರಿಗೆ ಅವಳು ಭಾರವಾಗಲಿಲ್ಲ, ಅವಳ ನೆರಳನ್ನು ಎತ್ತಿಕೊಂಡವರು ಮಾತ್ರ ಉಸ್ಸೆಂದರು. ಅವತ್ತು ಅದು ಅಷ್ಟು ದೊಡ್ಡದಾಗಿತ್ತು.

ಸಂಜೆ ಗಾಳಿ ತಗ್ಗಿದ ಮೇಲೆ ಉಳಿದ ದೋಣಿಗಳು ಒಂದೊಂದಾಗಿ ಬಂದವು. ಎಲ್ಲಕ್ಕಿಂತ ಕೊನೆಗೆ ದುಗ್ಗಪ್ಪ ಬಂದ. ನೀರುಕೋಳಿಗೆಂದು ತಂದಿದ್ದ ಬಸಳೆಯ ಬಳ್ಳಿ ಬೆಳಗಿನಿಂದ ಅವನ ದೋಣಿಯಲ್ಲೇ ಇತ್ತು. ಅವನು ಇಳಿದು, ಆ ಬಳ್ಳಿಯನ್ನು ನೋಡಿ, ನೀರುಕೋಳಿಯ ಕೂವೆಮರವನ್ನು ನೋಡಿ, “ಮೋಡದಲ್ಲಿ ಕಡ್ದದ್ದು, ಅಲ್ದಾ?” ಎಂದು ಕೇಳಿದ. ಹೌದೆಂದೆ. “ನನಗೆ ಹೊಳೀಲಿಲ್ಲ ನೋಡು,” ಎಂದ.

ಇದಾದ ಮೇಲೆ ಬೇಸಗೆ ಬಂತು, ನೆರಳುಗಳ ಭಾರ ಇಳಿಯಿತು. ನೀರುಕೋಳಿ ದಂಡೆಗೆ ಬಂದು ನಿಂತಾಗೆಲ್ಲ ಕಾದ ಮರಳಿನ ಮೇಲೆ ಎಲೆತುಂಬಿದ ಸುರಹೊನ್ನೆಯ ದಟ್ಟ ನೆರಳು ಹರಡುತ್ತದೆ. ಮೇಲೆ ಬೋಳು ಕಂಬ, ಕೆಳಗೆ ತೋಪಿನ ತಂಪು. ಮಧ್ಯಾಹ್ನ ಊರಿನ ಅರ್ಧ ಜನ ಅಲ್ಲೇ ಇರುತ್ತಾರೆ, ಬಲೆ ಹೆಣೆಯುವವರು, ಎಲೆ ಜಗಿಯುವವರು, ಸುಮ್ಮನೆ ಮಲಗುವವರು. ಕೊಂಬೆಗಳ ನಡುವಿನ ಒಳ್ಳೆಯ ಜಾಗ ಹಿಡಿಯಲು ದಿನಾ ಜಗಳ. ಎಲ್ಲರಿಗಿಂತ ಮೊದಲು ಬಂದು ಕೂರುವವನು ದುಗ್ಗಪ್ಪ. ಅವನ ದೋಣಿಯ ಬಸಳೆ ಆ ವರ್ಷ ಊರಿಗೇ ಹೆಚ್ಚು ಚಿಗುರಿತ್ತು. ಅದನ್ನು ತಂದು ನಮ್ಮ ಕೂವೆಮರದ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆ ಬಿಡಿಸುತ್ತಾನೆ.

“ದಂಟು ಎಳೇದು ಅದೆ, ಮಂಕಾಳಕ್ಕಾ,” ಎಂದು ಒಂದು ಕಟ್ಟು ಎತ್ತಿ ಕೊಡುತ್ತಾನೆ. ಮೊದಲು ಅವನು ಅವಳನ್ನು ಅಕ್ಕಾ ಎಂದು ಕರೆದವನೇ ಅಲ್ಲ.

ಅಕ್ಕ ದೋಣಿಯ ಅಂಚಿನಿಂದ ಕೈ ಚಾಚಿ ತೆಗೆದುಕೊಳ್ಳುತ್ತಾಳೆ. “ಸಿಗಡಿ ಹಾಕಿ ಮಾಡ್ತೆ. ಮಧ್ಯಾಹ್ನ ಊಟಕ್ಕೆ ಬನ್ನಿ ಗುರಿಕಾರ್ರೆ.”